ಪಡಸಾಲೆಯಲ್ಲಿ ನಾಲ್ಕು ಮೈಕು: ಭಜನೆ ಮಂಡಳಿಯ ಹಾಡು ರೆಕಾರ್ಡ್ ಮಾಡಿದ ಅನುಭವ

ನಮ್ಮ ಓಣಿಯ ಭಜನೆ ಮಂಡಳಿಯ ಎಂಟು ಪದಗಳು ಕೊನೆಗೂ ಯೂಟ್ಯೂಬ್ ಸೇರಿವೆ. ಕೊನೆಯ ಪದದ ಮೇಲೆ ಬಿದ್ದಿದ್ದ ಕಾಪಿರೈಟ್ ತಕರಾರು ಹೋದ ವಾರ ಬಗೆಹರಿಯಿತು. ಹಾರ್ಮೋನಿಯಂ, ತಬಲಾ, ತಂಬೂರಿ, ತಾಳ, ಮುಂದೆ ಹಾಡುವವರು ಒಬ್ಬರು, ಹಿಂದೆ ಸೊಲ್ಲು ಎತ್ತುವವರು ನಾಲ್ವರು. ಇಷ್ಟನ್ನು ರಾಯಚೂರಿನಲ್ಲಿ ಮನೆಯಲ್ಲೇ ಕೂತು ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿ ಮುಗಿಸುವ ಹೊತ್ತಿಗೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದು ಚಳಿಗಾಲವೂ ಮುಗಿಯುತ್ತ ಬಂದಿತ್ತು. ಕಲಿಯಲು ನೋಡಿದ ವಿಡಿಯೋಗಳೆಲ್ಲ ಗಿಟಾರು, ಡ್ರಮ್ಸು, ಕೀಬೋರ್ಡಿನವು. ತಂಬೂರಿಯ ಮುಂದೆ ಮೈಕು ಎಲ್ಲಿಡಬೇಕು, ತಾಳ ಬಾರಿಸುವವರನ್ನು ಎಲ್ಲಿ ಕೂರಿಸಬೇಕು ಎಂದು ಹೇಳುವವರು ಯಾರೂ ಸಿಗಲಿಲ್ಲ. ನಮ್ಮ ಕಡೆ ಊರೂರಿಗೂ ಒಂದು ಭಜನೆ ಮಂಡಳಿ ಇದೆ, ಮಂಡಳಿಗೊಬ್ಬರಾದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಹುಡುಗರಿದ್ದಾರೆ. ಮೊಬೈಲು ಬಿಟ್ಟು ಒಂದು ಹೆಜ್ಜೆ ಮುಂದೆ ಹೋಗಬೇಕು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಖರ್ಚಿನ ಮಾತು. ಮೈಕಿನಿಂದ ಬರುವ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸಿ ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಎರಡು ಮೈಕು ಹಾಕುವಂಥದ್ದು ಅಗ್ಗ, ಯುಎಸ್‌ಬಿ ವೈರಿನಿಂದಲೇ ಅದಕ್ಕೆ ಕರೆಂಟು ಸಿಗುತ್ತದೆ. ಒಬ್ಬರೇ ಹಾಡಿಕೊಳ್ಳುವವರಿಗೆ ಅಷ್ಟು ಸಾಕು. ಮಂಡಳಿಗೆ ಸಾಲದು. ನಾನು ನಾಲ್ಕು ಇನ್‌ಪುಟ್ಟಿನದು ತಗೊಂಡೆ, 15 ಸಾವಿರದ ಆಸುಪಾಸು ಬಿತ್ತು. ಎರಡು ಡೈನಮಿಕ್ ಮೈಕು, ಸಣ್ಣ ಸದ್ದನ್ನೂ ಹಿಡಿಯುವ ಎರಡು ಕಂಡೆನ್ಸರ್ ಮೈಕು, ನಾಲ್ಕು ಸ್ಟ್ಯಾಂಡು, ಮೈಕಿಗೆ ಹಾಕುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲು, ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನು ಸೇರಿ ಇನ್ನೂ 30 ಸಾವಿರ. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನಿಂದ 48 ವೋಲ್ಟ್ ಕೊಡಬೇಕು, ಇಲ್ಲದಿದ್ದರೆ ಅದು ಮಾತೇ ಆಡುವುದಿಲ್ಲ. ಡೈನಮಿಕ್‌ಗೆ ಅದು ಬೇಡ. ಕೇಬಲ್ಲು, ಕನೆಕ್ಟರ್‌ಗಳನ್ನು ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ತಂದೆ. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಎಲ್ಲಿ ಕೊಂಡರೂ ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ, ಪೆಟ್ಟಿಗೆಯ ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ. ವಾರಂಟಿಗೂ ಅದೇ ಬೇಕು, ಜೊತೆಗೆ ಬರುವ ಸಾಫ್ಟ್‌ವೇರನ್ನು ನೋಂದಾಯಿಸುವುದಕ್ಕೂ ಅದೇ ಬೇಕು. ರೆಕಾರ್ಡ್ ಮಾಡಲು, ಮಿಕ್ಸ್ ಮಾಡಲು ನಾನು ಬಳಸಿದ ಸಾಫ್ಟ್‌ವೇರ್ ಮಾತ್ರ ಬೇರೆ, ರೀಪರ್. 60 ದಿನ ಪುಕ್ಕಟೆ ಬಳಸಿ ನೋಡಬಹುದು, ಆಮೇಲೆ ಸ್ವಂತ ಬಳಕೆಯ ಲೈಸೆನ್ಸಿಗೆ 60 ಡಾಲರ್. ಹಳೆಯ ಲ್ಯಾಪ್‌ಟಾಪಿನಲ್ಲೂ ತೊಡಕಿಲ್ಲದೆ ಓಡುತ್ತದೆ.

ಸಾಮಾನು ಬಂದ ದಿನ ಎಲ್ಲ ಜೋಡಿಸಿ ಹೆಡ್‌ಫೋನ್ ಹಾಕಿಕೊಂಡರೆ ಕೇಳಿಸಿದ್ದು ಒಂದೇ ಸಮನೆ 'ಗುಂಯ್' ಎನ್ನುವ ಸದ್ದು. ಮೈಕು ಬದಲಿಸಿದೆ, ಕೇಬಲ್ಲು ಬದಲಿಸಿದೆ, ಹೋಗಲಿಲ್ಲ. ಲ್ಯಾಪ್‌ಟಾಪಿನ ಲೋಹದ ಅಂಚಿಗೆ ಬೆರಳು ತಾಗಿಸಿದರೆ ಸದ್ದು ಕಡಿಮೆಯಾಗುತ್ತಿತ್ತು, ಬೆರಳು ತೆಗೆದರೆ ಮತ್ತೆ ಏರುತ್ತಿತ್ತು. ಬಹಳ ಹುಡುಕಿದ ಮೇಲೆ ಗೊತ್ತಾದ ಕಾರಣ ಇದು: ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿದು ಒಂದು ಸುತ್ತು ಮುಗಿಸುವಂಥದ್ದು, ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದೇ 50 ಹರ್ಟ್ಸ್, ಅದರ ದುಪ್ಪಟ್ಟು 100 ಹರ್ಟ್ಸ್ ಆಡಿಯೋದೊಳಗೆ ನುಗ್ಗುತ್ತದೆ. ತಂಬೂರಿಯ ಶ್ರುತಿಯ ಕೆಳಗೆ ಇಂಥದ್ದೊಂದು ಸದ್ದು ಕೂತರೆ ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಎಲೆಕ್ಟ್ರಿಷಿಯನ್ ಬಂದು ಫೇಸ್‌ನಿಂದ ಅರ್ಥಿಗೆ ಬಲ್ಬು ಹಿಡಿದು ತೋರಿಸಿದರು. ಬಲ್ಬು ಮಿಣುಕಲೂ ಇಲ್ಲ. ಮೂರು ಕಡ್ಡಿಯ ಸಾಕೆಟ್ಟುಗಳೇನೋ ಇದ್ದವು, ಮೂರನೆಯ ತೂತಿನ ಹಿಂದೆ ವೈರೇ ಇರಲಿಲ್ಲ! ಹಿತ್ತಲಲ್ಲಿ ಗುಂಡಿ ತೋಡಿಸಿ, ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬಿಸಿ, ಅಲ್ಲಿಂದ ಬೋರ್ಡಿಗೆ ಹೊಸ ವೈರು ಎಳೆಸಿದ್ದಾಯಿತು. ಐದು ಸಾವಿರದ ಮೇಲೆ ಹೋಯಿತು, ಗುಂಡಿ ತೋಡುವವರು ಸಿಗಲೆಂದು ಕಾದದ್ದೇ ಬಹಳ ದಿನ. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಆ ಗುಂಡಿಗೆ ಆಗಾಗ ಎರಡು ಕೊಡ ನೀರು ಸುರಿಯದಿದ್ದರೆ ಅರ್ಥಿಂಗ್ ಇದ್ದೂ ಇಲ್ಲದಂತೆ. ಮೈಕು ಕೊಳ್ಳುವ ಮೊದಲೇ ಈ ಬಲ್ಬಿನ ಪರೀಕ್ಷೆ ಮಾಡಿಸಿಬಿಡಿ. ಮನೆಯವರ ಜೀವಕ್ಕೂ ಅದು ಬೇಕಾದದ್ದೇ. ಇನ್ವರ್ಟರಿನ ಮೇಲೆ ಓಡುವಾಗ ಬರುವ ಕಿರಿಕಿರಿ ಮಾತ್ರ ಅರ್ಥಿಂಗಿನಿಂದ ಹೋಗಲಿಲ್ಲ. ಕರೆಂಟು ಹೋದರೆ ಆವತ್ತಿನ ಕೆಲಸ ನಿಲ್ಲಿಸುವುದೊಂದೇ ದಾರಿ.

ಮುಂದಿನದು ಕೋಣೆ. ನನ್ನದು ಹತ್ತಡಿ ಅಗಲ, ಹತ್ತಡಿ ಉದ್ದ, ಹತ್ತಡಿ ಎತ್ತರದ ಆರ್‌ಸಿಸಿ ಕೋಣೆ, ನೆಲಕ್ಕೆ ಶಹಾಬಾದಿ ಪರಸಿ. ಮನೆ ಕಟ್ಟುವವರಿಗೆ ಈ ಅಳತೆ ಅನುಕೂಲ, ಧ್ವನಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸಿನ ಧ್ವನಿ ನಿಂತು ಗುನುಗುತ್ತದೆ, ಅದರ ಮೇಲೆ 112ರಲ್ಲಿ ಇನ್ನೊಂದು. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರೆ ಮೂರೂ ಕಡೆಯ ಗುನುಗು ಒಂದೇ ಜಾಗದಲ್ಲಿ ಬಂದು ಕೂರುತ್ತದೆ. ಡಗ್ಗಾದ (ತಬಲಾ ಜೋಡಿಯಲ್ಲಿ ಎಡಗೈಯದು) ಮೀಂಡು, ಅಂದರೆ ಜಾರುವ ನಾದ, ಸುಳಿಯುವುದೂ ಅದೇ ಸುತ್ತಿನಲ್ಲಿ. ಹೀಗಾಗಿ ಡಗ್ಗಾದ ಒಂದು 'ಘೇ' ಪೆಟ್ಟು ಕೋಣೆಯನ್ನೇ ತುಂಬುತ್ತಿತ್ತು, ಪಕ್ಕದ ಇನ್ನೊಂದು ಸತ್ತಂತೆ ಕೇಳುತ್ತಿತ್ತು. ಮೊಟ್ಟೆಯ ಟ್ರೇ ಅಂಟಿಸಿ ಎಂದು ಹಲವರು ಹೇಳುತ್ತಾರೆ, ದಯವಿಟ್ಟು ಬೇಡ. ಅದು ತೆಳು ರಟ್ಟು, ತಬಲಾದ ಗುಂಗಿಗೆ ಅಡ್ಡ ನಿಲ್ಲುವ ದಪ್ಪವೂ ತೂಕವೂ ಅದಕ್ಕಿಲ್ಲ.

ನಮ್ಮ ಮನೆಗಳಲ್ಲಿ ಅದಕ್ಕಿಂತ ಒಳ್ಳೆಯ ಸಾಮಾನು ಮೊದಲೇ ಇದೆ: ಕೌದಿ. ಹಳೆಯ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯನ್ನು ಗೋಡೆಗೆ ಒತ್ತಿ ಹೊಡೆಯಬೇಡಿ. ಗಳ ಕಟ್ಟಿ, ಗೋಡೆಯಿಂದ ನಾಲ್ಕು ಇಂಚು ಈಚೆಗೆ ಇಳಿಬಿಡಿ. 1000 ಹರ್ಟ್ಸಿನ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್, ಅದರ ಕಾಲು ಭಾಗ ಮೂರೂವರೆ ಇಂಚು. ಗೋಡೆಯಿಂದ ಅಷ್ಟು ದೂರದಲ್ಲಿ ಗಾಳಿಯ ಓಡಾಟ ಜೋರಾಗಿರುತ್ತದೆ, ಬಟ್ಟೆ ಅಲ್ಲಿದ್ದರೆ ಹಿಡಿಯುತ್ತದೆ. ಇದರಿಂದ ಚಪ್ಪಾಳೆಗೆ ಮರುನುಡಿಯುವ ಟಣಟಣ ನಿಂತಿತು. ಕೆಳಗಿನ ಗುಂಗಿಗೆ ಕೌದಿ ಸಾಲದು. ಗಾದಿ ಹಾಕುವವರ ಹತ್ತಿರ ಹಿಂಜಿದ ಹತ್ತಿ ತುಂಬಿಸಿದ ದಪ್ಪ ಸುರುಳಿಗಳನ್ನು ಮಾಡಿಸಿ ನಾಲ್ಕೂ ಮೂಲೆಗೆ ನಿಲ್ಲಿಸಿದೆ. ಹತ್ತಿ ನಮ್ಮೂರಿನದೇ ಬೆಳೆ. ಗುಂಗು ಪೂರ್ತಿ ಹೋಗಲಿಲ್ಲ, ಮಿಕ್ಸ್ ಮಾಡುವಷ್ಟರ ಮಟ್ಟಿಗೆ ಹತೋಟಿಗೆ ಬಂತು.

ಆಮೇಲೆ ನಿಜವಾದ ಕಷ್ಟ ಶುರುವಾಯಿತು. ವಿಡಿಯೋಗಳು ಹೇಳುವ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಹೆಡ್‌ಫೋನಿನಲ್ಲಿ ಮೆಟ್ರೊನೋಮಿನ ಟಿಕ್ ಟಿಕ್ ಕೇಳಿಸಿ, ಮೊದಲು ಹಾರ್ಮೋನಿಯಂ, ಆಮೇಲೆ ತಬಲಾ, ಕೊನೆಗೆ ಹಾಡು, ಹೀಗೆ ರೆಕಾರ್ಡ್ ಮಾಡಲು ಕೂತೆವು. ಮುಂದೆ ಹಾಡುವವರು ಎಪ್ಪತ್ತು ದಾಟಿದ ಹಿರಿಯರು, ನಾವೆಲ್ಲ ಮುತ್ಯಾ ಎನ್ನುತ್ತೇವೆ. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಸದ್ದು ಬರುತ್ತದೆಂದು ಫ್ಯಾನು ಬಂದ್. ಒಂದು ನುಡಿ ಮುಗಿಸಿ ಮುತ್ಯಾ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ತಮ್ಮಾ, ಇದು ಕಿವ್ಯಾಗ ಟಕಟಕ ಅಂದ್ರ ನಾ ಯಾರ ಜೋಡಿ ಹಾಡ್ಲಿ? ನನಗ ತಬಲಾದವನ ಮುಖ ಕಾಣಬೇಕಪಾ" ಅಂದರು.

ಆ ಮಾತಿನಲ್ಲಿ ಈ ಸಂಗೀತದ ಲಕ್ಷಣವೇ ಇದೆ. ಭಜನೆಯಲ್ಲಿ ಲಯ ಒಂದೇ ಕಡೆ ನಿಲ್ಲುವುದಿಲ್ಲ. ಪಲ್ಲವಿ ಸಾವಕಾಶ ಎತ್ತಿಕೊಳ್ಳುತ್ತಾರೆ, ಎರಡನೆಯ ನುಡಿಗೆ ತಬಲಾದವರು ಒಂದು ಲಗ್ಗಿ, ಅಂದರೆ ಚುರುಕು ನುಡಿತ, ಹಾಕಿ ಏರಿಸುತ್ತಾರೆ, ಕೊನೆಗೆ ತಾಳದವರು ಅದನ್ನು ಇನ್ನೂ ಮೇಲಕ್ಕೆ ಒಯ್ಯುತ್ತಾರೆ. ಯಾವಾಗ ಏರಬೇಕು ಎನ್ನುವುದು ಕಣ್ಣಿನ ಸನ್ನೆಯಲ್ಲಿ, ಕತ್ತಿನ ಅಲುಗಾಟದಲ್ಲಿ ತೀರ್ಮಾನವಾಗುತ್ತದೆ. ಬೇರೆ ಬೇರೆ ಕೂರಿಸಿದರೆ ಆ ತೀರ್ಮಾನ ಯಾರು ಮಾಡಬೇಕು? ಭಜನೆ, ತತ್ವಪದ, ದಾಸರಪದ ಯಾವುದೇ ಇರಲಿ, ಎಲ್ಲರನ್ನೂ ಒಟ್ಟಿಗೆ, ಎದುರು ಬದುರು, ಹೆಡ್‌ಫೋನಿಲ್ಲದೆ ಕೂರಿಸಿ. ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಬೀಳುವುದು ಇದ್ದದ್ದೇ. ಅದನ್ನು ತಡೆಯುವುದಕ್ಕಿಂತ ಹೇಗೆ ಬೀಳಬೇಕು ಎಂದು ಯೋಚಿಸಿ ಕೂರಿಸುವುದೇ ನಮ್ಮ ಕೆಲಸ.

ನನ್ನ ಕೋಣೆಯಲ್ಲಿ ಒಂಬತ್ತು ಮಂದಿ ಹಿಡಿಯುವುದಿಲ್ಲ. ಕಾಕಾನ ಮನೆ ಹಳೆಯ ಮಣ್ಣಿನ ಮಾಳಿಗೆಯದು. ಅಲ್ಲಿಯ ಪಡಸಾಲೆಯಲ್ಲಿ ಚಪ್ಪಾಳೆ ತಟ್ಟಿ ನೋಡಿದಾಗ ನನಗೆ ಆದ ಸಂತೋಷ ಹೇಳತೀರದು. ಉದ್ದನೆಯ ಜಾಗ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು, ದಪ್ಪ ಗೋಡೆ, ಒಂದು ಬದಿ ಜೋಳದ ಚೀಲಗಳ ಸಾಲು. ಉದ್ದ ಅಗಲ ಎತ್ತರ ಒಂದಕ್ಕೊಂದು ಹೊಂದುವುದಿಲ್ಲ, ಹೀಗಾಗಿ ಗುನುಗು ಒಂದೇ ಕಡೆ ಕೂರುವುದಿಲ್ಲ. ತೊಲೆಗಳ ಸಾಲು ಧ್ವನಿಯನ್ನು ಚೆದುರಿಸುತ್ತದೆ, ಚೀಲಗಳು ಹೀರಿಕೊಳ್ಳುತ್ತವೆ. ನಿಮ್ಮ ಬಂಧುಬಳಗದಲ್ಲಿ ಇಂಥ ಮನೆ ಕೆಡವದೆ ಉಳಿದಿದ್ದರೆ ಮೊದಲು ಅಲ್ಲಿಗೆ ಹೋಗಿ. ಕರೆಂಟನ್ನು ಮಾತ್ರ ಪರೀಕ್ಷಿಸಿಕೊಳ್ಳಿ. ಅಲ್ಲಿಯೂ ಅರ್ಥಿಂಗ್ ಮಾಡಿಸಬೇಕಾಯಿತು.

ಮಳೆಗಾಲ ಮುಗಿಯಲೆಂದು ಕಾದೆವು. ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ಒಣ ಹವೆಗೆ ಬಿಗಿದು ಏರುತ್ತದೆ. ಹಾರ್ಮೋನಿಯಂ ಕಪ್ಪು ಎರಡಕ್ಕೆ (ಎರಡನೆಯ ಕಪ್ಪು ಮನೆಯ ಶ್ರುತಿಗೆ) ಹಿಡಿದು ಕೂತರೆ ಪದ ಪದಕ್ಕೂ ಹತೋಡಿಯಲ್ಲಿ ತಬಲಾದ ಅಂಚಿನ ಹೆಣಿಗೆ, ಗಜರಾ, ಬಡಿದು ಕೂಡಿಸಿಕೊಳ್ಳಬೇಕಾಗುತ್ತಿತ್ತು. ದೀಪಾವಳಿ ಕಳೆದು ಚಳಿ ಬಂದಾಗ ಫ್ಯಾನಿನ ಹಂಗೂ ತಪ್ಪಿತು. ಹಗಲು ಗಿರಣಿ, ಆಟೋ, ಹಾರ್ನು. ಬೆಳಗಿನ ಜಾವ ಗುಡಿ, ಮಸೀದಿಯ ಮೈಕು. ರಾತ್ರಿ ಹತ್ತೂವರೆಯ ಮೇಲೆ ಕೂರುವುದೆಂದಾಯಿತು. ಭಜನೆಯವರಿಗೂ ಅದೇ ಒಗ್ಗುವ ಹೊತ್ತು. ಫ್ರಿಜ್ಜು ಬಂದ್, ಗಡಿಯಾರದ ಸೆಲ್ಲು ತೆಗೆದಿಟ್ಟು, ಎಲ್ಲರ ಮೊಬೈಲುಗಳನ್ನು ಅಡುಗೆಮನೆಯ ಬುಟ್ಟಿಗೆ ಹಾಕಿದೆವು. ದೂರದ ರೈಲಿನ ಕೂಗು ಒಂದೆರಡು ಕಡೆ ಬಂದಿದೆ. ಮುಂಬಯಿ-ಚೆನ್ನೈ ಲೈನಿನ ಪಕ್ಕದ ಊರಿನಲ್ಲಿ ಇದಕ್ಕೆ ಉಪಾಯವಿಲ್ಲ, ಆ ನುಡಿಯನ್ನು ಇನ್ನೊಮ್ಮೆ ಹಾಡಿಸಿದೆವು.

ಕೂರಿಸಿದ ರೀತಿ ಹೀಗೆ. ಮುತ್ಯಾ ನಡುವೆ, ಬಾಯಿಗೆ ಒಂದು ಗೇಣು ದೂರದಲ್ಲಿ ಡೈನಮಿಕ್ ಮೈಕು. ಅದು ಹತ್ತಿರದ್ದನ್ನು ಚೆನ್ನಾಗಿ ಹಿಡಿದು ದೂರದ್ದನ್ನು ಅಷ್ಟಾಗಿ ತರುವುದಿಲ್ಲ. ಅವರ ಎದುರಿಗೆ ತಬಲಾ. ಎರಡನೆಯ ಡೈನಮಿಕ್, ಶೂರ್ ಎಸ್‌ಎಂ57, ಬಲ ಎಡ ಎರಡರ ನಡುವೆ ಒಂದಡಿ ಮೇಲಿಂದ, ಮೂತಿ ಸ್ವಲ್ಪ ಡಗ್ಗಾದ ಕಡೆ. ಹಾರ್ಮೋನಿಯಂ ಎಡಕ್ಕೆ. ಕಂಡೆನ್ಸರ್ ಮೈಕನ್ನು ನುಡಿಸುವವರ ಎದುರಿನಿಂದ, ಒಂದೂವರೆ ಅಡಿ ಮೇಲೆ, ರೀಡಿನ ತೂತುಗಳ ಕಡೆ ತಿರುಗಿಸಿ ಇಡಬೇಕು. ತಿದಿಯ ಪಕ್ಕ ಇಟ್ಟರೆ ಗಾಳಿ ಉಸ್ಸೆನ್ನುವುದೇ ಮುಂದಾಗುತ್ತದೆ. ನಾಲ್ಕನೆಯದು ತಂಬೂರಿ ಮತ್ತು ಹಿಮ್ಮೇಳಕ್ಕೆ. ಯಾವ ಎರಡು ಮೈಕಿನ ನಡುವಿನ ದೂರವೂ ಮೈಕಿನಿಂದ ವಾದ್ಯಕ್ಕಿರುವ ದೂರದ ಮೂರು ಪಟ್ಟಾದರೂ ಇರಲಿ.

ತಾಳದ ಸಮಸ್ಯೆ ಬೇರೆ. ಕಂಚಿನ ಆ ಚೂಪು ಸದ್ದು ನಾಲ್ಕೂ ಮೈಕಿಗೆ ಬಿದ್ದು ಹಾಡನ್ನೇ ಕತ್ತರಿಸುತ್ತಿತ್ತು. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನಿನ ಕಡೆ ಕಿವಿ ಕಡಿಮೆ. ಮುತ್ಯಾರ ಮೈಕಿನ ಬೆನ್ನು ಎಲ್ಲಿಗೆ ನೋಡುತ್ತದೋ ಆ ನೇರಕ್ಕೆ, ತಬಲಾದವರ ಹಿಂದೆ ಬಾಗಿಲ ಹೊಸ್ತಿಲಿನಾಚೆ ತಾಳದವರನ್ನು ಕೂರಿಸಿದೆವು. ಮುಖ ಎಲ್ಲರಿಗೂ ಕಾಣುತ್ತದೆ, ಸದ್ದು ಮಾತ್ರ ಒಂದು ಮೆಟ್ಟಿಲು ಹಿಂದೆ. ಅವರು ಮಂಡಳಿಯ ಹಳಬರು. "ನನ್ನ ಹೊರಗ ಹಾಕಿದ್ರೇನು?" ಎಂದು ಮುಖ ಸಣ್ಣದು ಮಾಡಿಕೊಂಡರು. ಎರಡು ಸಾಲು ರೆಕಾರ್ಡ್ ಮಾಡಿ ಕೇಳಿಸಿದ ಮೇಲೆ ತಾವೇ ಇನ್ನೊಂದು ಮೊಳ ಹಿಂದೆ ಸರಿದರು.

ಗೇನ್, ಅಂದರೆ ಮೈಕಿನ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಎನ್ನುವುದನ್ನು, ಇಡುವಾಗ ಪಲ್ಲವಿ ಹಾಡಿಸಬೇಡಿ, ಕೊನೆಯ ಏರು ನುಡಿಯನ್ನೇ ಹಾಡಿಸಿ. ಅದರಲ್ಲಿ ಮೀಟರಿನ ತುದಿ ಮೈನಸ್ 12 ಡೆಸಿಬಲ್ ದಾಟದಿರಲಿ. 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡಿದರೆ ಸದ್ದು ಸಣ್ಣದಾದರೂ ಆಮೇಲೆ ಎತ್ತಬಹುದು, ಒಡೆದರೆ ಕೂಡಿಸಲಾಗದು. ಪದ ಶುರುವಾಗುವ ಮೊದಲು ನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯಿರಿ. ಯಾವ ಮೈಕಿಗೆ ಧ್ವನಿ ಎಷ್ಟು ತಡವಾಗಿ ಮುಟ್ಟಿತು ಎಂದು ಆಮೇಲೆ ಅದರಿಂದಲೇ ನೋಡಿಕೊಳ್ಳಬಹುದು. ಒಂದು ಮೀಟರ್ ದೂರಕ್ಕೆ ಸುಮಾರು 3 ಮಿಲಿಸೆಕೆಂಡ್. 48 ಕಿಲೋಹರ್ಟ್ಸಿನಲ್ಲಿ ನಾಲ್ಕು ಟ್ರ್ಯಾಕು ಹತ್ತು ನಿಮಿಷಕ್ಕೆ 345 ಎಂಬಿ ತಿನ್ನುತ್ತದೆ, ಡಿಸ್ಕಿನಲ್ಲಿ ಜಾಗ ನೋಡಿಕೊಂಡೇ ಕೂತುಕೊಳ್ಳಿ.

ನಡುವೆ ಒಂದು ಕಾಗದದ ಕೆಲಸವಿದೆ, ಇದನ್ನು ಬಹಳ ಜನ ಮಾಡುವುದಿಲ್ಲ. ಹಾಡಿದವರಿಗೆ, ನುಡಿಸಿದವರಿಗೆ ತಮ್ಮ ಪ್ರದರ್ಶನದ ಮೇಲೆ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನಲ್ಲಿ ಹಕ್ಕಿದೆ. 50 ವರ್ಷ ಇರುತ್ತದೆ. ರೆಕಾರ್ಡ್ ಮಾಡಿ ಹೊರಗೆ ಬಿಡಲು ಒಪ್ಪಿಗೆ ಇದೆ, ಹಣ ಬಂದರೆ ಹೀಗೆ ಹಂಚಿಕೊಳ್ಳುತ್ತೇವೆ ಎಂದು ಕನ್ನಡದಲ್ಲೇ ಒಂದು ಪುಟ ಬರೆದೆ. ಸಹಿ ಎಂದ ಕೂಡಲೇ ಪಡಸಾಲೆ ಗಪ್ಪಾಯಿತು. "ಸಹಿ ಯಾಕಪಾ? ಹೊಲಾ ಮನಿ ಬರಸ್ಕೊಳ್ಳೋದು ಇಲ್ಲಲ್ಲ?" ಎಂದು ಒಬ್ಬರು ಕೇಳಿಯೇ ಬಿಟ್ಟರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕಳೆದುಕೊಂಡವರ ಕಥೆಗಳು ಎಲ್ಲರಿಗೂ ಗೊತ್ತು. ಒಂದೊಂದು ಸಾಲನ್ನೂ ಓದಿ ಹೇಳಿ, ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ ಕೊಟ್ಟ ಮೇಲೆ ಸಹಿ ಬಿದ್ದವು. ಒತ್ತಾಯ ಮಾಡಬೇಡಿ, ಅವಸರವನ್ನೂ ಮಾಡಬೇಡಿ. ಪದಗಳ ಸಾಹಿತ್ಯಕ್ಕೆ ತೊಂದರೆಯಿಲ್ಲ: ಬರೆದವರು ತೀರಿಕೊಂಡು 60 ವರ್ಷವಾದ ಮೇಲೆ ಕೃತಿ ಎಲ್ಲರದು. ದಾಸರಪದ ಬರೆದ ಮಾನ್ವಿಯ ಜಗನ್ನಾಥದಾಸರು ಹೋದದ್ದೇ 1809ರಲ್ಲಿ.

ಮಿಕ್ಸಿಂಗನ್ನು ನನ್ನ ಕೋಣೆಯಲ್ಲಿ ಮಾಡಿದೆ. ಇಲ್ಲಿ ಕಲಿಯಲು ಬೇಕಾದದ್ದು ಕಿವಿ, ಕಿವಿಗೆ ಬೇಕಾದದ್ದು ವಿರಾಮ. ಒಂದು ತಾಸಿನ ಮೇಲೆ ಕೇಳಿದ ತೀರ್ಪನ್ನು ನಂಬಬೇಡಿ. ಮೊದಲು ಪ್ಲಗಿನ್ (ಧ್ವನಿ ತಿದ್ದುವ ಸಣ್ಣ ಸಾಫ್ಟ್‌ವೇರ್) ಯಾವುದನ್ನೂ ಮುಟ್ಟದೆ, ಪ್ರತಿ ಟ್ರ್ಯಾಕಿನ ಸದ್ದಿನ ಮಟ್ಟ ಇಡುವ ನಾಲ್ಕು ಫೇಡರ್‌ಗಳನ್ನಷ್ಟೇ ಏರಿಸಿ ಇಳಿಸಿ ಹಾಡು ನಿಲ್ಲುವಂತೆ ಮಾಡಿ. ಆಮೇಲೆ ತಬಲಾ ಟ್ರ್ಯಾಕಿನ ಅಲೆಯನ್ನು ತಲೆಕೆಳಗು ಮಾಡುವ ಪೊಲ್ಯಾರಿಟಿ ಗುಂಡಿ ಒತ್ತಿ ತೆಗೆದು ಕೇಳಿ, ಯಾವುದರಲ್ಲಿ ಡಗ್ಗಾ ತುಂಬಿ ಕೇಳುತ್ತದೋ ಅದೇ ಸರಿ. ಹಾಡಿಗೂ ಹಾರ್ಮೋನಿಯಂಗೂ 2ರಿಂದ 4 ಕಿಲೋಹರ್ಟ್ಸಿನ ನಡುವೆ ಜಗಳ. ಅಲ್ಲಿ ಹಾರ್ಮೋನಿಯಂ ಅನ್ನು ಎರಡು ಮೂರು ಡೆಸಿಬಲ್ ಇಳಿಸಿದರೆ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ತಬಲಾಕ್ಕೆ ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ ಹಾಕುವುದಾದರೆ ಅಟ್ಯಾಕ್, ಅಂದರೆ ಅದು ತಗ್ಗಿಸಲು ತೆಗೆದುಕೊಳ್ಳುವ ಹೊತ್ತು, 20, 30 ಮಿಲಿಸೆಕೆಂಡ್ ಇರಲಿ, ಕಡಿಮೆ ಮಾಡಿದರೆ 'ನಾ' ಎನ್ನುವ ಪೆಟ್ಟಿನ ತುದಿಯೇ ಮುರಿಯುತ್ತದೆ. ಪಡಸಾಲೆಯ ಸ್ವಂತ ಗುಂಗು ನಾಲ್ಕೂ ಮೈಕಿನಲ್ಲಿ ಇದ್ದುದರಿಂದ ಕೃತಕ ಗುಂಗು ಸೇರಿಸುವ ರಿವರ್ಬ್ ಹೆಚ್ಚು ಬೇಕಾಗಲಿಲ್ಲ. ಯೂಟ್ಯೂಬಿಗೆ ಹಾಡಿನ ಒಟ್ಟು ಜೋರು ಅಳೆಯುವ ಲೆಕ್ಕದಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತ ಸಾಕು, ಅದಕ್ಕಿಂತ ಜೋರು ಮಾಡಿದರೆ ಅವರೇ ತಗ್ಗಿಸುತ್ತಾರೆ. ಕೊನೆಗೆ ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಕೇಳಿ ನೋಡಿ, ನಮ್ಮವರು ಕೇಳುವುದು ಅದರಲ್ಲೇ.

ಮೊದಲ ಪದವನ್ನು ಮುತ್ಯಾರಿಗೆ ಕೇಳಿಸಿದಾಗ ಅವರು ಅರ್ಧಕ್ಕೇ ಕೈ ಎತ್ತಿದರು. "ನನ್ನ ತಂಬೂರಿ ಎಲ್ಲಿ ಹೋತು?" ತಂಬೂರಿ ಇತ್ತು, ಸಿನಿಮಾ ಹಾಡುಗಳಲ್ಲಿ ಇರುವಂತೆ ಹಿಂದೆ ಎಲ್ಲೋ ಒಂದು ಛಾಯೆಯಾಗಿ ಇತ್ತು. ಅವರು ವಿವರಿಸಿದರು: ಮೊದಲು ತಂಬೂರಿ, ಅದರ ಮೇಲೆ ದನಿ, ಆಮೇಲೆ ಉಳಿದದ್ದು. ಹಾರ್ಮೋನಿಯಂ ಈಚೆಗೆ ಬಂದದ್ದು, ತಂಬೂರಿ ಮೊದಲಿನಿಂದ ಇದ್ದದ್ದು. ಅದರಂತೆ ಎಂಟೂ ಪದಗಳ ಮಿಕ್ಸನ್ನು ಮೊದಲಿನಿಂದ ಕಟ್ಟಿದೆ. ತಂತಿಯ ಆ ಒಂದೇ ಸ್ವರ ಮುಂದೆ ಬಂದ ಕೂಡಲೇ ಮುತ್ಯಾರ ದನಿಯ ಅಲುಗಾಟಗಳೂ ಆಧಾರ ಸಿಕ್ಕಂತೆ ಕೂತವು. ಹಾಡಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಿಕ್ಸ್ ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಅಪ್‌ಲೋಡ್ ಮಾಡಿದ ಎರಡನೆಯ ದಿನ ಒಂದು ದಾಸರಪದದ ಮೇಲೆ ಯಾವುದೋ ಸಂಗೀತ ಕಂಪನಿಯ ಕಂಟೆಂಟ್ ಐಡಿ (ಹಾಡುಗಳನ್ನು ತಾನಾಗಿ ಹೋಲಿಸಿ ನೋಡುವ ಯೂಟ್ಯೂಬಿನ ವ್ಯವಸ್ಥೆ) ಹಕ್ಕು ಬಿತ್ತು. ಅದೇ ಪದವನ್ನು ಅದೇ ಮಟ್ಟಿನಲ್ಲಿ ಅವರ ಕಲಾವಿದರೂ ಹಾಡಿದ್ದರಂತೆ. ಹೊಟ್ಟೆ ಉರಿಯಿತು, ಆದರೆ ಹೆದರುವಂಥದ್ದಲ್ಲ. ಇದು ಚಾನೆಲ್ಲಿಗೇ ಕುತ್ತು ತರುವ ಸ್ಟ್ರೈಕ್ ಅಲ್ಲ. ಡಿಸ್ಪ್ಯೂಟ್ ಒತ್ತಿ, ಸಾಹಿತ್ಯ ಹಳೆಯದು, ಮಟ್ಟು ಪರಂಪರೆಯದು, ರೆಕಾರ್ಡಿಂಗ್ ನಮ್ಮದೇ, ಕಲಾವಿದರ ಸಹಿ ಇರುವ ಒಪ್ಪಿಗೆ ಪತ್ರವಿದೆ ಎಂದು ನಾಲ್ಕು ಸಾಲು ಬರೆದೆ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ, ಸುಮ್ಮನಿದ್ದರೆ ಹಕ್ಕು ತಾನಾಗಿ ಬಿದ್ದುಹೋಗುತ್ತದೆ. ಅವರು ಸುಮ್ಮನಿದ್ದರು. ರೆಕಾರ್ಡಿಂಗಿನ ಮೂಲ ಟ್ರ್ಯಾಕುಗಳನ್ನು ಅಳಿಸಬೇಡಿ, ಇಂಥ ವ್ಯಾಜ್ಯ ಮುಂದುವರಿದರೆ ತೋರಿಸಲು ಅವೇ ಸಾಕ್ಷಿ. ನಾನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ, ಒಂದು ಕಾಕಾನ ಮನೆಯ ಟ್ರಂಕಿನಲ್ಲಿದೆ. ಮಂಡಳಿಯ ಎಲ್ಲರಿಗೂ ಒಂದೊಂದು ಪೆನ್‌ಡ್ರೈವ್ ಕೊಟ್ಟಾಗಿದೆ.

ಡೊಳ್ಳು, ಹಲಗೆ ರೆಕಾರ್ಡ್ ಮಾಡುವ ಯೋಚನೆ ಇರುವವರು ಮೇಲಿನ ದೂರಗಳನ್ನು ಹಾಗೇ ತಗೊಳ್ಳಬೇಡಿ. ಅವಕ್ಕೆ ಪಡಸಾಲೆ ಸಾಲದು, ಬಯಲೇ ಬೇಕು. ಮೈಕು ಕನಿಷ್ಠ ಆರೇಳು ಅಡಿ ದೂರ ಇರಲಿ, ಇಂಟರ್‌ಫೇಸಿನಲ್ಲಿ ಜೋರು ಸಿಗ್ನಲ್ಲನ್ನು ತಗ್ಗಿಸುವ ಪ್ಯಾಡ್ ಗುಂಡಿ ಇದ್ದರೆ ಒತ್ತಿ, ಗಾಳಿಗೆ ಮೈಕಿನ ಮೂತಿಗೆ ಸ್ಪಂಜಿನ ಟೊಪ್ಪಿಗೆ ಹಾಕಿ.